ಫ್ರೀವೀಲಿನೊಳಗಿನ ಕೆಂಪು ದಾರ

ಮಾವನ ಬಾಯಿಂದ ಒಂದು ಮಾತು ಬರದೆ ನಮ್ಮ ಅಂಗಡಿಯ ಯಾವ ಫ್ರೀವೀಲೂ ಹೊರಗೆ ಹೋಗುತ್ತಿರಲಿಲ್ಲ. ಆ ಮಾತು 'ನುಡೀತು'.

ಹಳೆಯ ಸೈಕಲ್ಲುಗಳ ಫ್ರೀವೀಲ್ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಕೊಡುವುದು ನಮ್ಮ ಕೆಲಸ. ಹಿಂದಿನ ಚಕ್ರದ ನಡುವೆ, ಚೈನು ಕೂರುವ ಹಲ್ಲಿನ ಬಿಲ್ಲೆ ಇರುತ್ತದಲ್ಲ, ಅದೇ ಫ್ರೀವೀಲ್. ಪೆಡಲ್ ತುಳಿದಾಗ ಚಕ್ರವನ್ನು ಹಿಡಿದು ತಿರುಗಿಸುವುದೂ ಅದೇ, ಕಾಲು ಸುಮ್ಮನಾದಾಗ ಚಕ್ರವನ್ನು ಅದರ ಪಾಡಿಗೆ ಬಿಟ್ಟುಬಿಡುವುದೂ ಅದೇ. ಒಳಗೆ ಬೆರಳಿನ ಉಗುರಿನಷ್ಟಿರುವ ಎರಡು ಉಕ್ಕಿನ ತುಂಡುಗಳಿವೆ. ನಮ್ಮ ಅಂಗಡಿಯಲ್ಲಿ ಅವಕ್ಕೆ ನಾಲಿಗೆ ಎಂದು ಹೆಸರು. ಕೂದಲೆಳೆಯಂಥ ಸ್ಪ್ರಿಂಗು ಅವನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ತುಳಿದರೆ ನಾಲಿಗೆಗಳು ಹೊರಬಳೆಯ ಒಳಗಿರುವ ಹಲ್ಲುಗಳಿಗೆ ಗಟ್ಟಿಯಾಗಿ ಆತುಕೊಳ್ಳುತ್ತವೆ. ಬಿಟ್ಟರೆ ಅದೇ ಹಲ್ಲುಗಳ ಮೇಲೆ ಒಂದಾದ ಮೇಲೊಂದು ಜಾರುತ್ತ ಟಿಕಿಟಿಕಿ ಎನ್ನುತ್ತವೆ.

ಚಿಕ್ಕವಳಿದ್ದಾಗ, ಅಜ್ಜಿ ಕತೆ ಹೇಳುತ್ತಿದ್ದರೆ ನಾನು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲುತ್ತಿತ್ತು. ಪಾಪ, ರಾಜಕುಮಾರಿ ಕಾಡಿನ ನಡುವೆ ಎತ್ತಿದ ಕಾಲನ್ನು ಇಳಿಸದೆ ಬೆಳಗಾಗುವವರೆಗೂ ನಿಂತಿರಬೇಕಾಗುತ್ತಿತ್ತು. ಮೊದಲ ಸಲ ಫ್ರೀವೀಲನ್ನು ಕಿವಿಗಿಟ್ಟು ಕೇಳಿದಾಗ ನನಗೆ ನೆನಪಾದದ್ದು ಅದೇ. ಕಾಲು ಸುಮ್ಮನಾದಾಗ ದಾರಿ ಕತೆ ಹೇಳುತ್ತದೆ, ಇದು ಹೂಂಗುಟ್ಟುತ್ತದೆ. ಮಾವನಿಗೆ ಹಾಗೇ ಹೇಳಿದೆ. ಅವರು ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ಹೂಂಗುಟ್ಲಿ, ಸಂತೋಷ. ನೀನು ಮೊದ್ಲು ಆ ಸೀಮೆಎಣ್ಣೆ ಡಬ್ಬ ಮುಚ್ಚು," ಎಂದರು.

ಹೀಗೆ ಕಚ್ಚಿಕೊಳ್ಳುವುದು ಅವರ ಹಳೆಯ ಚಾಳಿ. ಎರಡೂ ಕೈಗೆ ಕೆಲಸವಿದ್ದಾಗ ಆ ಮರದ ಹಿಡಿಯ ತೆಳ್ಳನೆಯ ಸ್ಕ್ರೂಡ್ರೈವರ್ ಬಾಯಲ್ಲಿರುತ್ತಿತ್ತು, ಕಬ್ಬಿಣದ ತುದಿ ಕೊಕ್ಕಿನ ಹಾಗೆ ಮುಂದಕ್ಕೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂರುವ ಅಜ್ಜಿಗೆ, ಅಂದರೆ ಮಾವನ ಅಮ್ಮನಿಗೆ, ಅದನ್ನು ಕಂಡರೆ ಆಗುತ್ತಿರಲಿಲ್ಲ. "ಇರೋ ನಾಲ್ಕು ಹಲ್ಲೂ ಉದುರಿಸ್ಕೊ. ಆಮೇಲೆ ನನ್ನ ಪಕ್ಕ ಕೂತು ಚಹಾದಲ್ಲಿ ಬ್ರೆಡ್ಡು ನೆನೆಸ್ಕೊಂಡು ತಿನ್ನುವೆಯಂತೆ," ಎಂದು ಬಾಗಿಲಾಚೆಯಿಂದ ಬೈಯುತ್ತಿದ್ದಳು.

ಬಿಚ್ಚುವುದಕ್ಕಿಂತ ಜೋಡಿಸುವುದು ನಾಜೂಕಿನ ಕೆಲಸ. ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳನ್ನು ಗ್ರೀಸಿನ ಮೇಲೆ ಒಂದೊಂದಾಗಿ ಕೂರಿಸಬೇಕು, ಕೆಳಗೊಂದು ಸಾಲು, ಮೇಲೊಂದು ಸಾಲು. ನಾಲಿಗೆಗಳು ಹೊರಕ್ಕೆ ಚಾಚಿಕೊಂಡಿದ್ದರೆ ಹೊರಬಳೆ ಒಳಗಿನ ತಿರುಳಿನ ಮೇಲೆ ಇಳಿಯುವುದೇ ಇಲ್ಲ. ಅದಕ್ಕೇ ಅಜ್ಜಿಯ ಹೊಲಿಗೆ ಪೆಟ್ಟಿಗೆಯ ಕೆಂಪು ದಾರವನ್ನು ಸುತ್ತಿ ಎರಡೂ ನಾಲಿಗೆಗಳನ್ನು ಒಳಕ್ಕೆ ಕಟ್ಟಿಹಾಕುತ್ತೇವೆ. ಬಳೆ ಇಳಿದು ಕೂತ ಮೇಲೆ ದಾರದ ತುದಿ ಹಿಡಿದು ಮೆಲ್ಲಗೆ ಎಳೆಯಬೇಕು. ಸುತ್ತೆಲ್ಲ ಬಿಚ್ಚಿಕೊಂಡು ದಾರ ಹೊರಗೆ ಬರುತ್ತದೆ, ಒಳಗೆ ನಾಲಿಗೆಗಳು ಎದ್ದು ಕೂರುತ್ತವೆ. ದಾರ ಕೆಂಪೇ ಆಗಬೇಕು. ಕರಿ ಎಣ್ಣೆಯ ನಡುವೆ ಕಣ್ಣಿಗೆ ಬೀಳುವ ಬಣ್ಣ ಅದೊಂದೇ.

ಮೇಲಿನ ಗುಂಡು, ಕಾಗದದಷ್ಟು ತೆಳ್ಳಗಿನ ವಾಷರ್, ಮುಚ್ಚಳ, ಎರಡು ಹನಿ ಎಣ್ಣೆ. ಕೊನೆಗೆ ಮಾವ ಫ್ರೀವೀಲನ್ನು ಬಲಗಿವಿಗೆ ಹಿಡಿದು, ಕಣ್ಣು ಮುಚ್ಚಿ, ಬಳೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಮನಸ್ಸಿಗೆ ಒಪ್ಪಿದರೆ 'ನುಡೀತು'. ಆಮೇಲೇ ಅದನ್ನು ಪೇಪರಿನಲ್ಲಿ ಸುತ್ತಿ ಶೆಲ್ಫಿಗೆ ಇಡುವುದು.

ದೂರದೂರದವರು ತುಕ್ಕು ಹಿಡಿದ ಫ್ರೀವೀಲುಗಳನ್ನು ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದರು. ಅವನ್ನು ತರುತ್ತಿದ್ದವಳು ನಮ್ಮ ಬೀದಿಯ ಅಂಚೆಯಕ್ಕ. "ನಿಮ್ಮ ನೆಂಟರು ಬಂದಿದಾರೆ, ಒಳಗೆ ಕರ್ಕೊಳ್ಳಿ, ಸ್ನಾನ ಮಾಡಿ ಯಾವ ಕಾಲ ಆಯ್ತೋ," ಎಂದು ಬಾಗಿಲಲ್ಲೇ ಕೂಗುತ್ತಿದ್ದಳು. ಅವಳದೂ ಹಳೆಯ ಸೈಕಲ್ಲೇ, ಅವಳ ಅಪ್ಪನದು, ಎತ್ತರದ್ದು. ಹೊಸದು ಕೊಳ್ಳಬಾರದೇ ಎಂದರೆ, "ಹೊಸ ಸೈಕಲ್ಲುಗಳು ನನ್ನ ನೋಡಿದ್ರೇ ಬಾಗ್ತವೆ," ಎನ್ನುತ್ತಿದ್ದಳು. ಅದರ ಫ್ರೀವೀಲನ್ನು ಮಾವ ರಿಪೇರಿ ಮಾಡಿ ಕೊಟ್ಟು ಹೆಚ್ಚು ದಿನ ಆಗಿರಲಿಲ್ಲ.

ಅವತ್ತು ಬೆಳಗ್ಗೆ ಅವಳು ಸೈಕಲ್ ತಳ್ಳಿಕೊಂಡು ಬಂದಳು. ಬಲ ಅಂಗೈಗೆ ಬಟ್ಟೆ ಸುತ್ತಿತ್ತು, ಮಂಡಿಯ ಹತ್ತಿರ ಪ್ಯಾಂಟು ಹರಿದಿತ್ತು.

"ಅಣ್ಣಾ, ನುಡೀತು ನುಡೀತು ಅಂದ್ರಲ್ಲ, ಏನಂತ ನುಡೀತು ಇದು? ಇವಳನ್ನ ಬೀಳಿಸ್ತೀನಿ ಅಂತಲಾ?"

ಮಾವ ತಲೆಯೆತ್ತಿ ನಕ್ಕು, "ಹೂಂ," ಎಂದರು.

ತಮಾಷೆಗೆ ಅಂದರೆಂದು ನಾನೂ ನಕ್ಕೆ. ಅವಳು ನಗಲಿಲ್ಲ. ನೀರಿನ ಟ್ಯಾಂಕಿನ ಏರಿನಲ್ಲಿ ಎದ್ದುನಿಂತು ತುಳಿಯುತ್ತಿದ್ದಾಗ ಕಾಲ ಕೆಳಗೆ ಪೆಡಲ್ಲೇ ಇಲ್ಲದ ಹಾಗಾಯಿತಂತೆ. ಎದೆ ಹ್ಯಾಂಡಲಿಗೆ ಬಡಿದು, ಕೈ ರಸ್ತೆಗೆ ಉಜ್ಜಿ, ಕಾಗದಗಳೆಲ್ಲ ಚರಂಡಿಯವರೆಗೂ ಹಾರಿದವಂತೆ.

"ಚೈನು ಕಳಚಿರ್ಬೇಕು ಅಕ್ಕ," ಎಂದೆ.

"ಚೈನು ಅಲ್ಲೇ ಇತ್ತಮ್ಮ, ಮಹಾರಾಣಿ ಹಾಗೆ. ನಾನೊಬ್ಳೇ ಕೆಳಗಿಳಿದಿದ್ದು."

ಮಾವ ಚಕ್ರ ಕಳಚಿ, ಫ್ರೀವೀಲ್ ಬಿಚ್ಚಿ ಮೇಜಿನ ಅಂಚಿಗೆ ಬಿಗಿದಿದ್ದ ಕಬ್ಬಿಣದ ವೈಸಿನ ದವಡೆಗೆ ಹಾಕಿದರು. ಅದರ ಮುಚ್ಚಳದ ಥ್ರೆಡ್ಡು ಉಲ್ಟಾ. ಬೇರೆಲ್ಲವೂ ಬಿಗಿಯಾಗುವ ದಿಕ್ಕಿಗೆ ಇದು ಸಡಿಲವಾಗುತ್ತದೆ. ಎರಡು ಏಟಿಗೆ ಮುಚ್ಚಳ ಎದ್ದಿತು. ಗುಂಡುಗಳು ತಟ್ಟೆಗೆ ಉದುರಿದವು. ಬಳೆ ಎತ್ತಿದರೆ, ಒಂದು ನಾಲಿಗೆ ಎದ್ದು ನಿಂತಿತ್ತು, ಇನ್ನೊಂದು ಬಗ್ಗಿಕೊಂಡೇ ಇತ್ತು. ಅದರ ಬುಡದಲ್ಲಿ ಕರಿ ಎಣ್ಣೆಯ ನಡುವೆ ಒಂದು ಚೂರು ಕೆಂಪು.

ಮಾವ ಚಿಮುಟದಿಂದ ಅದನ್ನು ಎಳೆದು ಬೆಳಕಿಗೆ ಹಿಡಿದರು. ಎಳೆಯುವಾಗ ತುಂಡಾಗಿ ಒಳಗೇ ಉಳಿದ ದಾರ. ಆ ನಾಲಿಗೆ ಏಳಲಾಗದೆ, ಅವಳ ಭಾರವೆಲ್ಲ ಒಂದೇ ನಾಲಿಗೆಯ ಮೇಲೆ ಬಿದ್ದು, ಅದು ಏರಿನಲ್ಲಿ ಜಾರಿತ್ತು.

"ಈಗಿನ ದಾರಗಳೇ ಇಷ್ಟು. ಎಳೆದ್ರೆ ತುಂಡಾಗ್ತವೆ," ಎಂದರು ಮಾವ.

"ಏಯ್, ನನ್ನ ದಾರಕ್ಕೆ ಹೆಸರಿಡ್ಬೇಡ!" ಒಳಗಿನಿಂದ ಅಜ್ಜಿಯ ದನಿ ಬಂತು. "ಅದೇ ದಾರದಲ್ಲಿ ಹೊಲಿದ ನಿನ್ನ ಚಡ್ಡಿ ಹರಿದೋಯ್ತು, ಹೊಲಿಗೆ ಬಿಡ್ಲಿಲ್ಲ!"

ಅಂಚೆಯಕ್ಕನಿಗೆ ನೋವಿನಲ್ಲೂ ನಗು ಬಂತು. ಯಾವಾಗಲೂ ಅಮ್ಮನಿಗೆ ಎದುರುತ್ತರ ಕೊಡುವ ಮಾವ ಮಾತ್ರ ಏನೂ ಹೇಳಲಿಲ್ಲ. ಅವರ ಬೆನ್ನು ಹಿಂದಿನ ಕೋಣೆಯ ಬಾಗಿಲ ಕಡೆಗಿತ್ತು.

ಅಂಚೆಯಕ್ಕ ಬಗ್ಗಿ ತಟ್ಟೆಯೊಳಗೆ ನೋಡಿ, ಯಾರನ್ನೋ ಏನೇನೋ ಬೈದುಕೊಂಡು, ಮತ್ತೆ ನೆಟ್ಟಗಾದಳು. "ಅಲ್ಲ ಅಣ್ಣ, ದಾರ ಯಾರ್ದಾದ್ರೂ ತುಂಡಾಗುತ್ತೆ. ಕಿವಿಗಿಟ್ಟಾಗ ಗೊತ್ತಾಗ್ಬೇಕಿತ್ತಲ್ಲ?"

ಮಾವ ಬಳೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. "ನಾಳಿದ್ದು ಬನ್ನಿ, ರೆಡಿ ಇರುತ್ತೆ."

"ಬರ್ತೀನಿ. ಆದ್ರೆ ನೋಡಿ, ಇದರೊಳಗೆ ಏನಿದೆ ಅನ್ನೋದು ನಂಗೇನು ಗೊತ್ತು? ನಿಮ್ಮ ಮಾತು ನಂಬ್ಕೊಂಡು ಆ ಏರಲ್ಲಿ ಎದ್ದುನಿಂತು ತುಳೀತೀನಿ. ಇನ್ನೊಂದ್ಸಲ ನುಡೀತು ಅಂದ್ರೆ ನುಡಿದಿರ್ಬೇಕು."

ಅವಳು ಹೋದ ಮೇಲೂ ಅವಳ ಪ್ರಶ್ನೆ ಅಂಗಡಿಯಲ್ಲೇ ಉಳಿಯಿತು. ಎರಡು ನಾಲಿಗೆಯಿದ್ದರೆ ಟಿಕಿಟಿಕಿ, ಒಂದೇ ಇದ್ದರೆ ಟಿಕ್, ಟಿಕ್. ನಾನೇ ಹೇಳಬಲ್ಲೆ. ಮಾವ ಪೇಪರ್ ಓದುತ್ತಲೇ ಹೇಳಬಲ್ಲವರು. ಯೋಚಿಸುತ್ತ ಹೋದಂತೆ ಒಂದೊಂದೇ ಹೊಳೆಯಿತು. ಗೋಡೆಗೆ ಮುಖ ಮಾಡಿದ್ದ ತಮ್ಮ ಮೇಜನ್ನು ಅವರು ಈಚೆಗೆ ಬೀದಿ ಬಾಗಿಲಿಗೆ ಮುಖವಾಗಿ ತಿರುಗಿಸಿಕೊಂಡಿದ್ದರು. ಬೆಳಕು ಚೆನ್ನಾಗಿ ಬೀಳುತ್ತದೆ ಎಂದಿದ್ದರು. ಕೆಟಲ್ ಕೂಗಿ ಕೂಗಿ ನೀರು ಬತ್ತಿದರೂ ಪಕ್ಕದಲ್ಲೇ ಕೂತಿರುತ್ತಿದ್ದರು. ಮತ್ತೆ ಎಲ್ಲದಕ್ಕೂ ಹೂಂ. ಅಂಗಡಿ ತೆಗೀಲಾ ಎಂದರೂ ಹೂಂ, ಮುಚ್ಲಾ ಎಂದರೂ ಹೂಂ.

ಒಳಗೆ ಹೋದೆ. ಅಜ್ಜಿ ಯಾರದೋ ಕೋಟಿನ ತೋಳು ಹೊಲಿಯುತ್ತಿದ್ದಳು.

"ಅಜ್ಜಿ, ಮಾವಂಗೆ ಕಿವಿ…"

ಅಜ್ಜಿ ಮಿಷನ್ ನಿಲ್ಲಿಸಲಿಲ್ಲ. "ಒಂದೂರಲ್ಲಿ ಒಬ್ಬ ರಾಜ ಇದ್ದ," ಎಂದಳು.

"ಹೂಂ," ಎಂದೆ. ಬಾಯಿಗೆ ಅಭ್ಯಾಸವಾಗಿತ್ತು.

"ರಾಜನ ಅರಮನೆ ಬಾಗಿಲಿಗೊಬ್ಬ ಕಾವಲುಗಾರ. ಎಂಥ ಕತ್ತಲೆ ಇರ್ಲಿ, ಹೆಜ್ಜೆ ಸಪ್ಪಳ ಕೇಳೇ ಇವನು ನಮ್ಮವನು, ಇವನು ಕಳ್ಳ ಅಂತ ಹೇಳ್ತಿದ್ದ."

"ಹೂಂ."

"ಬರ್ತಾ ಬರ್ತಾ ಅವನ ಕಿವಿ ಮಂದ ಆಯ್ತು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಭರ್ಜಿ ಕೆಳಗಿಟ್ಟು ಮನೆಗೆ ಹೋಗ್ಬೇಕಲ್ಲ, ಮನೇಲಿ ಕೂತು ಅವನೇನು ಮಾಡ್ತಾನೆ? ಯಾರನ್ನಾದ್ರೂ ತಡೆದ್ರೆ ಯಾಕೆ ತಡೆದೆ ಅಂತ ಹೇಳ್ಬೇಕು. ಅದಕ್ಕೇ ಬಂದೋರಿಗೆಲ್ಲ ಹೂಂ, ಹೋಗಿ, ಹೂಂ, ಹೋಗಿ. ಕಳ್ಳ ಬಂದ, ಹೂಂ ಹೋಗಿ. ದಂಡು ಬಂತು, ಹೂಂ ಹೋಗಿ."

"ರಾಜಂಗೆ ಗೊತ್ತಾಗ್ಲಿಲ್ವಾ?"

"ರಾಜ ಗೊರಕೆ ಹೊಡೀತಿದ್ದ. ಕಾವಲುಗಾರ ಇದಾನಲ್ಲ ಅಂತ ಧೈರ್ಯ."

"ಆಮೇಲೆ?"

ಅಜ್ಜಿ ದಾರ ಕತ್ತರಿಸಿದಳು. "ಆಮೇಲೇನು ಅಂತ ನಂಗೂ ಗೊತ್ತಿಲ್ಲ. ನೀನು ಹೋಗಿ ಅವನ ಹತ್ರ ಮಾತಾಡ್ಕೊಂಡು ಬಂದ್ರೆ ಗೊತ್ತಾಗುತ್ತೆ."

"ನೀನೇ ಹೇಳ್ಬಹುದಲ್ಲ ಅಜ್ಜಿ. ನಿನ್ನ ಮಗ."

"ನಾನು ಹೇಳಿದ್ರೆ ಅದು ಅಮ್ಮ ಮಗನ ಜಗಳ ಆಗುತ್ತೆ. ನೀನು ಹೇಳಿದ್ರೆ ಅಂಗಡಿ ಮಾತಾಗುತ್ತೆ. ಹೋಗು."

ನೇರವಾಗಿ ಹೇಳುವ ಧೈರ್ಯ ಬರಲಿಲ್ಲ. ಮಾವ ಊಟಕ್ಕೆ ಎದ್ದಾಗ ಶೆಲ್ಫಿನ ಮೇಲೆ ಪೇಪರಿನಲ್ಲಿ ಸುತ್ತಿಟ್ಟಿದ್ದ ಫ್ರೀವೀಲುಗಳನ್ನು ಒಂದೊಂದಾಗಿ ಬಿಚ್ಚಿ ಕಿವಿಗಿಟ್ಟು ನೋಡಿದೆ. ಎಲ್ಲವೂ ಮಾವನಿಂದ 'ನುಡೀತು' ಎನ್ನಿಸಿಕೊಂಡಿದ್ದವು. ಒಂದು ಮಾತ್ರ, ದೂರದ ಒಬ್ಬ ಮೇಷ್ಟರಿಗೆ ಹೋಗಬೇಕಾದದ್ದು, ಟಿಕ್, ಟಿಕ್ ಎಂದಿತು.

ಮಾವ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಅದನ್ನು ಅವರ ಕೈಗಿಟ್ಟೆ. "ಇದನ್ನೊಂದ್ಸಲ ಕೇಳಿ ಮಾವ."

ಅವರು ಬಲಗಿವಿಗೆ ಹಿಡಿದರು. ಕಣ್ಣು ಮುಚ್ಚಿ ಬಳೆ ತಿರುಗಿಸಿದರು. ಮುಖದಲ್ಲಿ ಎಂದಿನ ಸಮಾಧಾನ ಬಂತು.

"ನುಡೀತು."

ನಾನು ಕೈ ಚಾಚಲಿಲ್ಲ. ಅವರು ಕಣ್ಣು ಬಿಟ್ಟು ನನ್ನನ್ನು ನೋಡುವವರೆಗೂ ಕಾದು, "ಇದರಲ್ಲಿ ಒಂದೇ ನಾಲಿಗೆ ಎದ್ದಿದೆ ಮಾವ," ಎಂದೆ.

ಅವರು ಫ್ರೀವೀಲನ್ನು ಮೇಜಿನ ಮೇಲಿಟ್ಟು, ಅದು ಉರುಳಿಹೋಗದಂತೆ ಪಕ್ಕಕ್ಕೊಂದು ಇಕ್ಕಳ ಒತ್ತರಿಸಿಟ್ಟರು.

"ಪ್ರತಿ ಸಲ ಚೆನ್ನಾಗೇ ಕೇಳ್ಸುತ್ತೆ ಕಣೇ. ಅದೇ ತೊಂದ್ರೆ. ಕಿವಿಗಿಟ್ಟು ಕಣ್ಣು ಮುಚ್ಚಿದ್ರೆ ಸಾಕು, ಎರಡೂ ನಾಲಿಗೆ ಟಿಕಿಟಿಕಿ ಅಂತವೆ. ಇಷ್ಟು ವರ್ಷ ಕೇಳಿದೀನಲ್ಲ. ಅದು ಕೈಲಿರೋ ಫ್ರೀವೀಲೋ ತಲೇಲಿರೋ ಫ್ರೀವೀಲೋ, ಗೊತ್ತಾಗಲ್ಲ."

"ಯಾವಾಗಿಂದ?"

"ಚಳಿಗಾಲದಿಂದ. ನೆಗಡಿ ಅಂದ್ಕೊಂಡಿದ್ದೆ. ಡಾಕ್ಟರು ಸಣ್ಣ ಸದ್ದುಗಳು ಹೋಗಿವೆ, ಇನ್ನು ಬರಲ್ಲ ಅಂದ್ರು. ಕಿವಿಗೆ ಮಿಷನ್ ಹಾಕಿ ನೋಡಿದ್ರು. ಅದರಲ್ಲಿ ಫ್ರೀವೀಲ್ ಕೇಳಿದ್ರೆ ಯಾರೋ ಪಕ್ಕದಲ್ಲಿ ಪೇಪರ್ ಹರೀತಿರೋ ಹಾಗಿತ್ತು."

ಆಮೇಲೆ ಮೇಜಿನ ಮೇಲಿದ್ದ ಸಲಕರಣೆಗಳನ್ನು ಒಂದೊಂದಾಗಿ ಅವುಗಳ ಮೊಳೆಗೆ ನೇತುಹಾಕತೊಡಗಿದರು. "ಅಂಚೆಯವಳದ್ದು ಮುಗಿಸಿ ಕೊಟ್ಬಿಡೋಣ. ಅಲ್ಲಿಗೆ ಫ್ರೀವೀಲ್ ಕೆಲ್ಸ ಸಾಕು. ಪಂಕ್ಚರ್ ಹಾಕ್ಕೊಂಡಿರ್ತೀನಿ."

"ಪಂಕ್ಚರ್‌ಗೂ ಕಿವಿ ಬೇಕಲ್ಲ ಮಾವ. ಗಾಳಿ ಸುಸ್ ಅನ್ನೋದು?"

"ನೀರಲ್ಲಿ ಮುಳುಗಿಸಿದ್ರೆ ಗುಳ್ಳೆ ಕಾಣುತ್ತೆ."

ಅಂದರೆ ಇದನ್ನೆಲ್ಲ ಎಂದೋ ಯೋಚಿಸಿಟ್ಟಿದ್ದರು. "ನಾನು ಕೇಳಿ ಹೇಳ್ತೀನಲ್ಲ," ಎಂದೆ.

"ನೀನಾ ರಾಜಕುಮಾರಿ? ಕೇಳ್ತಾ ಕೇಳ್ತಾ ನೀನು ಏಳು ಸಮುದ್ರದ ಆಚೆ ಹೋಗಿರ್ತೀಯ. ಅಂಚೆಯವಳು ಇಲ್ಲಿ ಏರಲ್ಲಿ ಬಿದ್ದಿರ್ತಾಳೆ."

ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ಹೇಳಿದ್ದು ನಿಜವಾಗಿತ್ತು.

ಮರುದಿನ ಅಂಚೆಯಕ್ಕನ ಫ್ರೀವೀಲಿಗೆ ಕೈಹಾಕಿದೆವು. ಮಾವ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೆಳಗಿನ ಸಾಲಿನ ಗುಂಡುಗಳನ್ನು ಕೂರಿಸಿದರು. ಅಜ್ಜಿ ಚಹಾ ತಂದಿಟ್ಟಳು, ಆದರೆ ಹೋಗಲಿಲ್ಲ.

"ಕೈಯಲ್ಲಿ ಕೇಳಪ್ಪ," ಎಂದಳು ಮಗನ ಎದುರಿಗೆ ನಿಂತು. "ನನ್ನ ಮಿಷನ್ ಸದ್ದು ನಾನು ಮಣಿಕಟ್ಟಲ್ಲಿ ಕೇಳ್ತೀನಿ. ಒಂದು ಹೊಲಿಗೆ ತಪ್ಪಿದ್ರೆ ಗೊತ್ತಾಗುತ್ತೆ. ಕಿವಿ ಬೇರೆ ಕೆಲಸಕ್ಕೆ ಬೇಕಲ್ಲ, ನಿಮ್ಮಿಬ್ರ ಮಾತು ಕೇಳೋಕೆ."

ಮಾವ ಬೆರಳುಗಳನ್ನು ಬಳೆಯ ಮೇಲಿಟ್ಟು ನೋಡಿದರು. ಆಗಲ್ಲವೆಂದು ತಲೆಯಾಡಿಸಿದರು. "ನಿಂದು ಬಟ್ಟೆ ಹಿಡಿದ ಕೈ ಅಮ್ಮ. ನಂದು ಸೀಮೆಎಣ್ಣೇಲಿ ಸತ್ತಿರೋ ಚರ್ಮ."

ನಾನು ಕೆಂಪು ದಾರ ಸುತ್ತಿ ನಾಲಿಗೆಗಳನ್ನು ಕಟ್ಟಿದೆ. ಮಾವ ಬಳೆ ಇಳಿಸಿ ದಾರ ಎಳೆದರು, ತುಂಡಾಗದೆ ಬಂದಿದೆಯೇ ಎಂದು ತುದಿಯಿಂದ ತುದಿಗೆ ಬೆರಳಾಡಿಸಿದರು. ಫ್ರೀವೀಲ್ ವೈಸಿನಲ್ಲಿ ಮಲಗಿತ್ತು. ಅವರು ಸ್ಕ್ರೂಡ್ರೈವರ್ ಕಚ್ಚಿಕೊಂಡು, ಒಂದು ಕೈಯಲ್ಲಿ ದೀಪ ಎಳೆದುಕೊಂಡು, ಇನ್ನೊಂದರಲ್ಲಿ ಎಣ್ಣೆ ಡಬ್ಬಿ ಹಿಡಿದು ಬಗ್ಗಿದರು. ಎಣ್ಣೆ ಸುತ್ತ ಹರಡಲಿ ಎಂದು ನಾನು ಬಳೆಯನ್ನು ಹಿಂದಕ್ಕೆ ತಿರುಗಿಸಿದೆ.

ಮಾವ ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಟ್ಟರು.

ನಡು ಹಿಡಿದುಕೊಂಡಿತು ಎಂದುಕೊಂಡೆ. ನೋಡಿದರೆ, ಅವರ ಬಾಯಲ್ಲಿದ್ದ ಸ್ಕ್ರೂಡ್ರೈವರಿನ ತುದಿ ಫ್ರೀವೀಲಿನ ನಡುವಿನ ತಿರುಳಿಗೆ ತಾಗಿಕೊಂಡಿತ್ತು. ಎಣ್ಣೆ ಡಬ್ಬಿ ಹಿಡಿದ ಕೈಯನ್ನೇ ಗಾಳಿಯಲ್ಲಿ ಗಿರಗಿರ ಆಡಿಸಿದರು. ಮತ್ತೆ ತಿರುಗಿಸು ಎಂದು. ತಿರುಗಿಸಿದೆ. ಮರದ ಹಿಡಿಯ ಮೇಲೆ ಜೊಲ್ಲು ಇಳಿಯಿತು. ಅವರು ದೀಪ ಬಿಟ್ಟು ಎರಡು ಬೆರಳು ಎತ್ತಿದರು.

"ಏನಾಯ್ತೋ, ಹಲ್ಲು ನೋವಾ?" ಅಜ್ಜಿ ಗಾಬರಿಯಾದಳು.

ಮಾವ ಮೇಷ್ಟರ ಫ್ರೀವೀಲನ್ನು ಹಾಕು ಎಂದು ನನಗೆ ಕೈಸನ್ನೆ ಮಾಡಿದರು. ಅದನ್ನೂ ವೈಸಿಗೆ ಹಾಕಿ ತಿರುಗಿಸಿದೆ. ಈ ಸಲ ಒಂದೇ ಬೆರಳು ಎತ್ತಿದರು.

ಆಮೇಲೆ ಸ್ಕ್ರೂಡ್ರೈವರ್ ಬಾಯಿಂದ ತೆಗೆದು ಬಾಯಿ ಒರೆಸಿಕೊಂಡರು. "ಹಲ್ಲಿಗೆ ಕೇಳ್ಸುತ್ತಮ್ಮ."

"ತೆಗಿ ತೆಗಿ ಅಂತ ಬಾಯಿ ನೋಯೋ ಹಾಗೆ ಬೈತಿದ್ನಲ್ಲೋ ಅದನ್ನ!"

"ಇನ್ನು ಬೈಬೇಡ."

ಆದರೂ ಅವರಿಗೆ ನಂಬಿಕೆ ಬರಲಿಲ್ಲ.

"ಇದೂ ತಲೇಲಿರೋ ಫ್ರೀವೀಲೇ ಆಗಿದ್ರೆ?" ಎಂದರು. ಅಜ್ಜಿ ತನ್ನ ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯಿಂದ ಅವರ ಕಣ್ಣು ಕಟ್ಟಿದಳು. ನಾನು ವೈಸಿಗೆ ಒಮ್ಮೆ ಇದನ್ನು, ಒಮ್ಮೆ ಅದನ್ನು, ಒಮ್ಮೆ ಇದನ್ನೇ ಎರಡು ಸಲ ಹಾಕಿದೆ. ಒಂದು ಸಲ ಎರಡನ್ನೂ ಬಿಟ್ಟು ಖಾಲಿ ವೈಸಿಗೇ ಅವರ ಸ್ಕ್ರೂಡ್ರೈವರ್ ತಾಗಿಸಿ ನಿಲ್ಲಿಸಿದೆ. "ಏಯ್, ಏನೂ ಇಲ್ಲ ಇಲ್ಲಿ," ಎಂದರು ಕಚ್ಚಿದ್ದನ್ನು ಬಿಡದೆಯೇ. ಎಲ್ಲೂ ತಪ್ಪಲಿಲ್ಲ.

ಹೇಳಿದ ದಿನ ಅಂಚೆಯಕ್ಕ ಬಂದಾಗ ಮೇಲಿನ ಸಾಲಿನ ಗುಂಡು ಕೂರಿಸಿ, ಮುಚ್ಚಳ ಹಾಕಿ ಆಗಿತ್ತಷ್ಟೇ. ಮಾವ ಎದ್ದು ನಿಂತರು.

"ಕೂತ್ಕೊಳ್ಳಿ ತಾಯಿ. ಒಂದು ಮಾತು. ನಂಗೆ ಕಿವಿ ಸರಿಯಾಗಿ ಕೇಳಲ್ಲ. ಅವತ್ತು ನಿಮ್ಮದು ನುಡಿದಿರ್ಲಿಲ್ಲ. ನಾನು ನುಡೀತು ಅಂದೆ. ನೀವು ಬಿದ್ದಿದ್ದು ಅದಕ್ಕೆ."

ಅವಳು ಅವರನ್ನೇ ನೋಡಿದಳು. "ಮತ್ತೆ ಮೊನ್ನೆ ನಾನು ಬೈದಿದ್ದು?"

"ಮುಖ ಕಂಡಷ್ಟು ಗೊತ್ತಾಯ್ತು."

"ಅಯ್ಯೋ ದೇವರೇ! ಒಳ್ಳೊಳ್ಳೆ ಬೈಗುಳೆಲ್ಲ ಬಗ್ಗಿದಾಗ ಬೈದಿದ್ದೆ, ಎಲ್ಲ ದಂಡ ಆಯ್ತಲ್ಲ!" ನಕ್ಕಳು, ನಗು ಹಾಗೇ ನಿಂತಿತು. ಬಟ್ಟೆ ಸುತ್ತಿದ ಅಂಗೈ ನೋಡಿಕೊಂಡಳು. "ಅಣ್ಣ, ಬೇಜಾರ್ ಮಾಡ್ಕೋಬೇಡಿ. ದಿನಾ ಹತ್ತೋ ಏರು ಅದು. ಇದನ್ನ ಬೇರೆ ಎಲ್ಲಾದ್ರೂ ತೋರಿಸ್ಲಾ?"

"ಅದು ನಿಮ್ಮಿಷ್ಟ," ಎಂದರು ಮಾವ. "ಒಂದ್ಸಲ ನೋಡ್ಕೊಂಡು ತೀರ್ಮಾನ ಮಾಡಿ."

ಮೊದಲು ನನಗೆ ಕೊಟ್ಟರು. ಕಿವಿಗಿಟ್ಟೆ, ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಕಾಡು, ಕುದುರೆ, ಅರಮನೆ ಬಂದುಬಿಡುತ್ತವೆ. ಗೋಡೆಯ ಮೊಳೆಯೊಂದನ್ನೇ ನೋಡುತ್ತ ಬಳೆ ತಿರುಗಿಸಿದೆ. ಟಿಕಿಟಿಕಿ, ಟಿಕಿಟಿಕಿ. ಎರಡೂ ಇದ್ದವು. "ಸರಿ ಇದೆ ಮಾವ," ಎಂದೆ.

ಅವರು ಅದನ್ನು ವೈಸಿಗೆ ಹಾಕಿ, ಸ್ಕ್ರೂಡ್ರೈವರ್ ಕಚ್ಚಿ ಬಗ್ಗಿದರು. ಅಂಚೆಯಕ್ಕನ ಬಾಯಿ ತೆರೆದುಕೊಂಡಿತು. ಮಾವ ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು.

"ಇಲ್ಲ," ಎಂದರು. "ನಾಲಿಗೆ ಎರಡೂ ಎದ್ದಿವೆ. ಆದ್ರೆ ಸುತ್ತು ಬರುವಾಗ ಎಲ್ಲೋ ಒಂದು ಕಡೆ ಕಲ್ಲು ತುಳಿದ ಹಾಗಿದೆ."

"ನಂಗೇನೂ ಕೇಳಿಸ್ಲಿಲ್ವಲ್ಲ?" ಮತ್ತೆ ಕಿವಿಗಿಟ್ಟೆ. ಎಷ್ಟು ಕೇಳಿದರೂ ಟಿಕಿಟಿಕಿಯೇ.

ಅಂಚೆಯಕ್ಕ ಇಬ್ಬರನ್ನೂ ನೋಡಿದಳು. "ಈಗ ನಾನು ಯಾರ ಮಾತು ಕೇಳ್ಲಿ?"

"ಬೇಡ ಅಂದೋರ ಮಾತು," ಎಂದರು ಮಾವ.

ಮುಚ್ಚಳ ಮತ್ತೆ ಬಿಚ್ಚಿದೆವು. ಮೇಲಿನ ಸಾಲಿನ ಗುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಸುರಿದು, ದೀಪದ ಕೆಳಗೆ ಒಂದೊಂದನ್ನೂ ಉರುಳಿಸಿ ನೋಡಿದೆ. ಹೊಸ ಡಬ್ಬಿಯ ಗುಂಡುಗಳು, ಎಲ್ಲವೂ ಕನ್ನಡಿಯಂತಿದ್ದವು. ಅವುಗಳಲ್ಲಿ ಒಂದು ನೆಟ್ಟಗೆ ಉರುಳದೆ ವಾಲಿಕೊಂಡು ನಿಂತಿತು. ಮಗುಚಿದರೆ, ಮೊಟ್ಟೆಯ ಸಿಪ್ಪೆ ಎದ್ದಂತೆ ಒಂದು ಚಕ್ಕೆ ಹಾರಿಹೋಗಿತ್ತು. ಅಂಚೆಯಕ್ಕ ಅದನ್ನು ಉಗುರಿನ ತುದಿಯಲ್ಲಿ ಎತ್ತಿ, ಕಣ್ಣಿನ ಹತ್ತಿರ ಹಿಡಿದಳು.

"ಇಷ್ಟನ್ನ ಹಲ್ಲಲ್ಲಿ ಕಂಡುಹಿಡಿದ್ರಾ?"

ಮಾವ ಆಗಲೇ ಬೇರೆ ಡಬ್ಬಿಯ ಗುಂಡುಗಳನ್ನು ತಟ್ಟೆಗೆ ಸುರಿದು ನೋಡುತ್ತಿದ್ದರು. ಸಾಲು ಪೂರ್ತಿ ಬದಲಿಸಿ ಮುಚ್ಚಳ ಬಿಗಿದೆವು. ಈ ಸಲ ಮೊದಲು ಅವರು ಬಗ್ಗಿದರು. ತಲೆಯೆತ್ತಿ ಅದನ್ನು ನನ್ನ ಕೈಗಿಟ್ಟರು. ನಾನು ಕೇಳಿದೆ. ಒಂದು ಸುತ್ತು ಸಾಲದೆಂದು ಇನ್ನೂ ಒಂದು ಸುತ್ತು ಕೇಳಿದೆ. ಅವರು ಆ ಮಾತು ಹೇಳುತ್ತಾರೆಂದು ನಾನು ಕಾದೆ, ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಯಾರಾದ್ರೂ ಒಬ್ರು ಹೇಳಿ ಪುಣ್ಯ ಕಟ್ಕೊಳ್ಳಿ. ನಂಗೆ ಕಾಗದ ಹಂಚೋದಿದೆ," ಎಂದಳು ಅಂಚೆಯಕ್ಕ.

"ನುಡೀತು," ಎಂದೆ.

ಮಾವ ಹೌದೆಂದು ತಲೆಯಾಡಿಸಿದರು.

"ಒಬ್ಬರಿಗೆ ಕಿವಿ, ಒಬ್ಬರಿಗೆ ಹಲ್ಲು," ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅಂದಳು. "ಇಬ್ಬರೂ ಸೇರಿ ಒಂದು ಮುಖ ಆಯ್ತು ಬಿಡಿ. ಬಾಯಿ ಸಾಲ್ದಿದ್ರೆ ನನ್ನದಿದೆ."

ಚಕ್ರ ಕೂರಿಸಿ, ಚೈನು ಹಾಕಿ ಕೊಟ್ಟೆವು. ಅಂಚೆಯಕ್ಕ ಚೀಲವನ್ನು ನಮ್ಮ ಮೆಟ್ಟಿಲ ಮೇಲೇ ಬಿಟ್ಟು, "ಮೊದ್ಲು ಖಾಲಿ ಹೋಗ್ತೀನಿ. ಬಿದ್ರೆ ನಾನೊಬ್ಳೇ ಬೀಳ್ಲಿ, ಊರೋರ ಕಾಗದ ಯಾಕೆ ಬೀಳ್ಬೇಕು?" ಎಂದು ಹೊರಟಳು. ಅಂಗಡಿಯ ಬಾಗಿಲಿಂದ ಟ್ಯಾಂಕಿನ ಏರು ಪೂರ್ತಿ ಕಾಣುತ್ತದೆ. ಅರ್ಧದವರೆಗೆ ಕೂತು ತುಳಿದಳು. ಮೊನ್ನೆ ಬಿದ್ದ ಜಾಗ ಬಂತು. ಅಲ್ಲೊಂದು ಕ್ಷಣ ಸೈಕಲ್ ನಿಧಾನವಾಯಿತು. ಆಮೇಲೆ ಎದ್ದು ನಿಂತಳು. ಇಡೀ ಭಾರವನ್ನು ಬಲಗಾಲಿಗೆ ಹಾಕಿದಳು, ಎಡಗಾಲಿಗೆ ಹಾಕಿದಳು. ಮಾವನ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು. ಅವಳು ಟ್ಯಾಂಕಿನ ಪಕ್ಕ ಚಿಕ್ಕವಳಾಗಿ ಕಂಡಳು, ಸೈಕಲ್ ತಿರುಗಿಸಿದಳು.

ಇಳಿಯುವಾಗ ಕಾಲುಗಳನ್ನು ಪೆಡಲ್ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದಳು. ಅವಳಿಗಿಂತ ಮೊದಲು ಸದ್ದು ಬಂತು, ಮೊದಲು ಸಣ್ಣಗೆ, ಆಮೇಲೆ ಬೀದಿ ತುಂಬ. ಮಾವ ರಸ್ತೆ ಬಿಟ್ಟು ನನ್ನ ಕಡೆ ತಿರುಗಿದರು.

"ಅದು ಹೂಂಗುಟ್ತಿದ್ಯಾ?"

"ಹೂಂ," ಎಂದೆ.

ಅವರು ಒಳಗೆ ಹೋಗಿ ಶೆಲ್ಫಿನ ಮೇಲಿದ್ದ ಪೊಟ್ಟಣಗಳನ್ನೆಲ್ಲ ಮೇಜಿಗೆ ಇಳಿಸಿದರು. ಮೇಷ್ಟರ ಫ್ರೀವೀಲನ್ನು ವೈಸಿಗೆ ಹಾಕಿದರು. "ಒಂದಷ್ಟು ಕಾರ್ಡ್ ತಗೊಂಡು ಕೂತ್ಕೊ. ಚಳಿಗಾಲದಿಂದೀಚೆಗೆ ಯಾರ್ಯಾರಿಗೆ ಕಳಿಸಿದೀವೋ ಎಲ್ರಿಗೂ ಬರಿ. ತುಳೀಬೇಡಿ, ವಾಪಸ್ ಕಳ್ಸಿ, ನಾವೇ ಸರಿ ಮಾಡಿ ಕೊಡ್ತೀವಿ ಅಂತ. ಯಾಕೆ ಅಂತಾನೂ ಬರಿ."

"ಯಾಕೆ ಅಂತ ಏನು ಬರೀಲಿ?"

"ಇದ್ದಿದ್ದನ್ನೇ."

ಚೀಲ ತೆಗೆದುಕೊಳ್ಳಲು ಬಂದ ಅಂಚೆಯಕ್ಕ ಬಾಗಿಲಲ್ಲಿ ಬ್ರೇಕು ಹಾಕಿ ನಿಂತಿದ್ದಳು. ಅವಳಿಗೆ ಕೊನೆಯ ಮಾತು ಕೇಳಿಸಿತ್ತು.

"ಅಂದ್ರೆ ಅಷ್ಟೂ ಕಬ್ಬಿಣಾನ ಮತ್ತೆ ನಾನೇ ಹೊತ್ಕೊಂಡ್ ಬರ್ಬೇಕಾ?"

"ಹೂಂ," ಎಂದರು ಮಾವ. ಈ ಸಲ ಅವರು ಅವಳ ಬಾಯನ್ನೇ ನೋಡುತ್ತಿದ್ದರು.